ತೂಗದೆ ಬಿಟ್ಟ ಮೀನು

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಮೀನು ಬೆಂದ ಪಾತ್ರೆಯನ್ನು ಮೂರು ಸಲ ತೊಳೆದುಕೊಟ್ಟರೂ ಒಳಗೆ ತರುವವರಲ್ಲ. ಆದರೂ ನಮ್ಮ ಮಾವನವರು ಜೀವಮಾನದ ಬಹುತೇಕ ರವಿವಾರಗಳನ್ನು ಮೇಡ್ಲೇರಿಯ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಗಾಳ ಹಿಡಿದು ಕಳೆದಿದ್ದಾರೆ. ಈಗ ನಾನೂ ಕಳೆಯುತ್ತಿದ್ದೇನೆ. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಇದಕ್ಕೆ ನಗುವವರಿದ್ದಾರೆ. ನಗಲಿ. ತಿನ್ನದವರು ಯಾಕೆ ಹಿಡಿಯುತ್ತೀರಿ ಎಂದು ಕೇಳಿದವರಿಗೆ, ಕ್ರಿಕೆಟ್ ಆಡುವವರು ಚೆಂಡು ತಿನ್ನುತ್ತಾರೇನು ಎಂದು ತಿರುಗಿ ಕೇಳುತ್ತೇನೆ.

ಮಾವನವರು ದುಡಿಯುವ ದಿನಗಳಲ್ಲಿ ಮಾರುಕಟ್ಟೆಯಲ್ಲಿ ತೂಕದವರು. ಹತ್ತಿ ಬರಲಿ, ಗೋವಿನಜೋಳ ಬರಲಿ, ಚೀಲವನ್ನು ಕಾಟಾದ ಮೇಲೆ ಏರಿಸಿ ಅದರ ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗುವುದು ಅವರ ಕೆಲಸ. ಆ ಕೂಗಿಗೆ ಅವರದೇ ಒಂದು ಪದ್ಧತಿ ಇತ್ತು. ಮಾರುವ ರೈತ, ಕೊಳ್ಳುವ ವ್ಯಾಪಾರಿ ಇಬ್ಬರೂ ಎದುರಿಗೆ ನಿಂತಿರಬೇಕು. ಇಬ್ಬರಲ್ಲಿ ಒಬ್ಬ ಚಹಾ ಕುಡಿಯಲು ಹೋಗಿದ್ದರೂ ಇವರು ಬಾಯಿ ಬಿಡುತ್ತಿರಲಿಲ್ಲವಂತೆ. ಮುಳ್ಳು ಎಲ್ಲಿ ನಿಂತಿದೆ ಎಂದು ಪಕ್ಕದಲ್ಲಿದ್ದ ಹಮಾಲನಿಗೂ ಕಾಣುತ್ತಿತ್ತು, ಆದರೂ ಚಹಾಕ್ಕೆ ಹೋದವನು ಬರುವವರೆಗೆ ಕಾಯಬೇಕು. "ಒಬ್ಬನ ಮುಂದ ಹೇಳಿದ್ದು ಚಾಡಿ, ಇಬ್ಬರ ಮುಂದ ಹೇಳಿದ್ದು ತೂಕ" ಎನ್ನುವುದು ಅವರ ಮಾತು. ಮದುವೆಯಾಗಿ ಬಂದ ಹೊಸತರಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಇದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ತಲೆಗೆ ಹೋಗುತ್ತದೆಂದೇನೂ ಇಲ್ಲ.

ನನ್ನ ತವರು ಬ್ಯಾಡಗಿ. ಅಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿಯನ್ನು ಈಗ ನಾನೂ ನನ್ನ ತಮ್ಮನೂ ಸೇರಿ ನಡೆಸುತ್ತೇವೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ. ಮೆಣಸಿನಕಾಯಿಯನ್ನು ದೂರದಿಂದ ನೋಡಿಯೇ ದರ ಹೇಳುವ ಶೂರರಿದ್ದಾರೆ. ನಾನು ಮುರಿದು, ಬೀಜ ನೋಡಿ, ಅಂಗೈಯಲ್ಲಿ ತಿಕ್ಕಿ, ಬಣ್ಣ ಎಷ್ಟು ಬಿಟ್ಟಿತು ಎಂದು ತಿಳಿದ ಮೇಲೆಯೇ ಮಾತಾಡುವವಳು. ಹೀಗಾಗಿ ಹಂಗಾಮು ಶುರುವಾದರೆ ನನ್ನ ಎರಡೂ ಅಂಗೈ ಕೆಂಪು. ಸಾಬೂನು, ಕೊಬ್ಬರಿ ಎಣ್ಣೆ, ಹುಳಿ ಮಜ್ಜಿಗೆ, ಯಾವುದಕ್ಕೂ ಆ ಖಾರ ಜಗ್ಗುವುದಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣವೇ ಹೊರತು ಖಾರವಿಲ್ಲ ಎನ್ನುವವರು ಒಮ್ಮೆ ನನ್ನ ಕೈಯಿಂದ ಕಣ್ಣು ಉಜ್ಜಿಸಿಕೊಳ್ಳಲಿ.

ಮಾವನವರಿಗೆ ಮೊಣಕಾಲು ಕೈಕೊಟ್ಟ ಮೇಲೆ ಅವರನ್ನು ಹೊಳೆಗೆ ಕರೆದೊಯ್ಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ನನ್ನ ಯಜಮಾನರು ರವಿವಾರ ಮಧ್ಯಾಹ್ನದವರೆಗೆ ಮಲಗುವ ವ್ರತ ಹಿಡಿದವರು. ನಾನು ಸ್ಕೂಟರ್ ತೆಗೆದೆ. ಮೊದಮೊದಲು ಅವರನ್ನು ದಂಡೆಯಲ್ಲಿ ಕೂಡಿಸಿ, ಬೇವಿನ ಮರದ ಕೆಳಗೆ ಪೇಪರ್ ಓದುತ್ತಿದ್ದೆ. ಪೇಪರ್ ಎಷ್ಟೆಂದು ಓದುವುದು? ಒಂದು ದಿನ, "ಮಾವಾರ, ನನಗೂ ಒಂದ ಕೋಲು ಕೊಡ್ರಿ" ಎಂದೆ. ಅವರು ನನ್ನನ್ನು ಒಮ್ಮೆ, ಹೊಳೆಯನ್ನು ಒಮ್ಮೆ ನೋಡಿ ಕೊಟ್ಟರು.

ಆ ದಿನ ಮೀನಿಗೆ ಹಾಕುವ ಉಂಡೆಯನ್ನು ನಾನೇ ನಾದಿದೆ. ಗೋಧಿ ಹಿಟ್ಟು, ಶೇಂಗಾ ಹಿಂಡಿ, ಸ್ವಲ್ಪ ಬೆಲ್ಲ. ಚಪಾತಿ ಹಿಟ್ಟು ನಾದುವವಳಿಗೆ ಇದೇನು ಮಹಾ ಎಂದುಕೊಂಡೆ. ಮಧ್ಯಾಹ್ನದವರೆಗೆ ನಮ್ಮಿಬ್ಬರ ದಾರ ಅಲುಗಲಿಲ್ಲ. ಪಕ್ಕದಲ್ಲಿ ಹಾವೇರಿಯಿಂದ ಬರುವ ನಿವೃತ್ತ ಕಂಡಕ್ಟರ್ ಒಬ್ಬರು ಟಿಕೆಟ್ ಹರಿದಂತೆ ಒಂದರ ಹಿಂದೆ ಒಂದು ಮೀನು ಎಳೆಯುತ್ತಿದ್ದರು. ಮಾವನವರಿಗೆ ಅನುಮಾನ ಬಂದು ಉಂಡೆಯನ್ನು ಮೂಗಿಗೆ ಹಿಡಿದರು. ಆಮೇಲೆ ಅವರು ಸೀನಿದ ಸೀನಿಗೆ ಆಚೆ ದಂಡೆಯ ಕೊಕ್ಕರೆಗಳು ಎದ್ದುಹೋದವು.

"ಯವ್ವಾ, ಮೀನಕ್ಕ ಮಿರ್ಚಿ ಭಜಿ ಮಾಡಿ ಹಾಕೀದಿ" ಎಂದರು.

ಅಂದಿನಿಂದ ನಮ್ಮಲ್ಲಿ ಕೆಲಸ ಹಂಚಿಕೆಯಾಯಿತು. ಉಂಡೆ ನಾದುವುದು, ಕೊಕ್ಕೆಗೆ ಸಿಕ್ಕಿಸುವುದು, ಬಂದ ಮೀನನ್ನು ಬಿಡಿಸುವುದು ಅವರು. ಗಾಳ ಬೀಸಿ ನೀರಿಗೆ ಒಗೆಯುವುದು, ದಾರ ಸುತ್ತಿ ಎಳೆಯುವುದು ನಾನು. ನನ್ನ ಕೈ ನೀರಿನ ಯಾವ ಜೀವಿಗೂ ತಾಗಬಾರದು ಎಂಬುದು ಕಾಯಿದೆ.

ದಂಡೆಗೂ ಒಂದು ಪದ್ಧತಿ ಇತ್ತು. ಬೇವಿನ ಕೊಂಬೆಗೆ ಒಂದು ತೂಗುಕಾಟಾ ಕಟ್ಟಿದ್ದರು. ಹಿಡಿದ ದೊಡ್ಡ ಮೀನನ್ನು ಅಲ್ಲಿ ಎಲ್ಲರೆದುರು ತೂಗಬೇಕು. ಮಾವನವರು ಒಮ್ಮೆ ಹದಿನೆಂಟು ಕಿಲೋದ ಕಟ್ಲಾ ತೂಗಿಸಿದ್ದರು. ಅದನ್ನು ಮೀರಿಸಿದವರು ಇರಲಿಲ್ಲ. ತೂಕವಾದ ಮೀನನ್ನು ಅವರು ಅಲ್ಲಿಯ ಅಂಬಿಗರ ಅಕ್ಕನಿಗೆ ಕೊಟ್ಟುಬಿಡುತ್ತಿದ್ದರು, ಆಕೆಯ ಬುಟ್ಟಿಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಹೆಚ್ಚಿನ ತೂಕ ಯಾರದೋ ಅವರಿಗೆ ಒಂದು ಮರ್ಯಾದೆ ಸಲ್ಲುತ್ತಿತ್ತು. ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ಮೊದಲ ಗಾಳ ಅವರದು. ಅವರ ದಾರ ನೀರಿಗೆ ಬೀಳುವವರೆಗೆ ಉಳಿದವರೆಲ್ಲ ಕೋಲು ಹಿಡಿದು ಕಾಯಬೇಕು. ಆ ಒಂದು ಗಳಿಗೆಗಾಗಿ ಮಾವನವರು ಹಿಂದಿನ ದಿನವೇ ಟೋಪಿ ಒಗೆಸಿ ಇಡುತ್ತಿದ್ದರು.

ನನಗೆ ಬೇಕಾದದ್ದೂ ಅದೇ. ಮುಚ್ಚಿಡುವುದೇನು? ನಾನು ಹಿಡಿದ ಮೀನನ್ನು ತೂಗಿದಾಗಲೆಲ್ಲ ಅವರು, "ಛಲೋ ಐತಿ, ಖರೇ ಹದಿನೆಂಟಲ್ಲ" ಎನ್ನುತ್ತಿದ್ದರು. ನನ್ನ ಅಡುಗೆಗೆ "ನಡೀತೈತಿ", ನನ್ನ ವ್ಯಾಪಾರಕ್ಕೆ "ಇರಲಿ", ನನ್ನ ಮೀನಿಗೆ "ಹದಿನೆಂಟಲ್ಲ". ಇವರ ಬಾಯಿಂದ ಒಮ್ಮೆ, ಎಲ್ಲರೆದುರು, ನಿನ್ನದು ನನ್ನದಕ್ಕಿಂತ ಹೆಚ್ಚು ಎಂದು ಹೇಳಿಸಬೇಕು ಎಂಬ ಹಟ ನನಗೆ ಹಿಡಿದಿತ್ತು. ಹಿಡಿಯುತ್ತೇನೆ ಎಂಬ ಧೈರ್ಯವೂ ಇತ್ತು.

ಅಷ್ಟರಲ್ಲಿ ನಿಯಮಗಳು ಬದಲಾಗತೊಡಗಿದವು. ನಾನು ಹೋಗಲು ಶುರುಮಾಡಿದಾಗ ಯಾರು ಎಲ್ಲಿ ಕುಳಿತರೂ ನಡೆಯುತ್ತಿತ್ತು. ಆಮೇಲೆ ಹೊಳೆಯ ಆ ಭಾಗವನ್ನು ಅಲ್ಲಿಯ ಮೀನುಗಾರರೇ ಸಂಘ ಕಟ್ಟಿಕೊಂಡು ಗುತ್ತಿಗೆ ಹಿಡಿದರು. ಒಂದು ವರ್ಷ, ಹವ್ಯಾಸಕ್ಕೆ ಗಾಳ ಹಾಕುವವರು ಪಾಸು ತೆಗೆದುಕೊಳ್ಳಬೇಕು ಎಂದರು. ತೆಗೆದುಕೊಂಡೆವು. ಮುಂದಿನ ವರ್ಷ, ಮೊಟ್ಟೆ ಇಡುವ ಕಾಲ, ಮಳೆಗಾಲದಲ್ಲಿ ಗಾಳ ಪೂರ್ತಿ ಬಂದ್ ಎಂದರು. ಒಪ್ಪಿದೆವು. ಆಮೇಲೆ ಒಬ್ಬರಿಗೆ ದಿನಕ್ಕೆ ಎರಡೇ ಮೀನು ಎಂದಾಗ ಕಂಡಕ್ಟರ್ ಸಾಹೇಬರು ಗೊಣಗಿದರು, ಮಾವನವರು ಗೊಣಗಲಿಲ್ಲ. ಕಳೆದ ವರ್ಷ ಮಾತ್ರ ಬೇವಿನ ಮರಕ್ಕೆ ಹೊಸ ಹಲಗೆ ಬಂತು. ಎರಡು ಅಡಿಗಿಂತ ಉದ್ದದ ಮೀನು ಸಿಕ್ಕರೆ ನೀರಿನಿಂದ ಮೇಲೆತ್ತದೆ, ಜೀವಸಹಿತ ಅಲ್ಲೇ ಬಿಡಬೇಕು. ಹಲಗೆ ಬಂದ ದಿನವೇ ತೂಗುಕಾಟಾ ಹೋಯಿತು.

ಮಾವನವರು ಹಲಗೆಯನ್ನು ಎರಡು ಸಲ ಓದಿದರು. ಸಂಘದ ಪರವಾಗಿ ಪಾಸು ನೋಡುವ ಕೆಲಸ ಅಂಬಿಗರ ಅಕ್ಕನದು. ಆಕೆಯನ್ನು ಕರೆದು, "ಏನವ್ವಾ, ಊಟಕ್ಕ ಕರದು ಎಲಿ ಎತ್ತಿದಂಗ ಆತಲ್ಲ ಇದು" ಎಂದರು.

"ನೀವೇನ ಮೀನ ತಿಂತೀರೇನ್ರಿ ಯಜಮಾನ್ರ?" ಎಂದಳು ಅಕ್ಕ. "ನಿಮಗ ಇದು ರವಿವಾರದ ಖುಷಿ, ನಮಗ ಸೋಮವಾರದ ಒಲಿ. ತಾಯಿ ಮೀನ ಎಲ್ಲಾ ನಿಮ್ಮ ಹಿಂಡಿ ತಿಂದು ಮರಕ್ಕ ಜೋತು ಬಿದ್ರ, ಮಳಿಗಾಲದಾಗ ಮರಿ ಹಾಕಾಕ ಯಾರ ಉಳೀತಾರ? ಸಣ್ಣವು ಪಾರಾಗಲಿ ಅಂತ ನಮ್ಮ ಬಲೀಗೂ ಕಣ್ಣು ದೊಡ್ಡದ ಮಾಡೇವ್ರಿ. ನಿಮಗಷ್ಟ ಹೇಳಾಕತ್ತಿಲ್ಲ."

"ತಿನ್ನಾವಂಗ ಹೊಟ್ಟಿ ತುಂಬತೈತಿ. ನನಗ ತೂಕನ ಊಟ, ಯವ್ವಾ" ಎಂದು ಮಾವನವರು ಕೋಲು ಮಡಚಿದರು.

ನಾನು ಅಕ್ಕನ ಕಡೆ. ಆಕೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮರಳಿ ಬರುವಾಗ ಸ್ಕೂಟರ್ ಮೇಲೆ ಮಾವನವರನ್ನು ಕೆಣಕಿದೆ. "ನಿಮಗ ಲಾಭ ಆತ್ರಿ ಮಾವಾರ. ಇನ್ನ ಯಾರ ಎಷ್ಟ ದೊಡ್ಡದ ಹಿಡದ್ರೂ ತೂಗಂಗಿಲ್ಲ. ನಿಮ್ಮ ಹದಿನೆಂಟು ಕಿಲೋಕ್ಕ ಸಂಘದವರ ಕಾವಲು."

ಅವರು ನಗಲಿಲ್ಲ. "ಹಿಡದ ಮೀನ ಬಿಡಾಕ ನಾ ಕೈ ಹಚ್ಚೂದಿಲ್ಲ ನೋಡ" ಎಂದರು. ಆಡಿದಂತೆ ನಡೆದರು ಕೂಡ. ರವಿವಾರ ತಪ್ಪದೆ ಬರುತ್ತಿದ್ದರು, ನನಗಾಗಿ ಉಂಡೆ ನಾದುತ್ತಿದ್ದರು, ಸಣ್ಣಪುಟ್ಟ ಮೀನು ಬಿಡಿಸಿಕೊಡುತ್ತಿದ್ದರು. ತಮ್ಮ ಕೋಲನ್ನು ಮಾತ್ರ ಚೀಲದಿಂದ ತೆಗೆಯುತ್ತಿರಲಿಲ್ಲ. ಅದೇ ಚೀಲದಲ್ಲಿ ಅವರ ಸ್ವಂತದ ಒಂದು ಸಣ್ಣ ತೂಗುಕಾಟಾ ಇರುತ್ತಿತ್ತು. ಅದನ್ನೂ ಮನೆಯಲ್ಲಿ ಬಿಟ್ಟು ಬರುತ್ತಿರಲಿಲ್ಲ.

ಕಾಟಾ ಹೋದ ದಿನದಿಂದ ದಂಡೆಯ ಮೀನುಗಳು ಒಮ್ಮೆಲೇ ದಪ್ಪಗಾದವು. ಕಂಡಕ್ಟರ್ ಸಾಹೇಬರು ತಾವು ಬಿಟ್ಟ ಮೀನಿನ ಕಥೆ ಹೇಳುವಾಗ ಎರಡು ಕೈ ಸಾಲದೆ ಪಕ್ಕದವರ ಕೈಯನ್ನೂ ಸೇರಿಸಿಕೊಳ್ಳುತ್ತಿದ್ದರು. ಮೇಡ್ಲೇರಿಯಲ್ಲಿ ಸಿಗದಿದ್ದ ವಾರ ಹೊಸರಿತ್ತಿಯ ವರದಾ ನದಿಯಲ್ಲಿ ಸಿಕ್ಕಿರುತ್ತಿತ್ತು. ಅದನ್ನೂ ಬಿಟ್ಟಿರುತ್ತಿದ್ದರು. ಯಾರೂ ಯಾರನ್ನೂ ನಂಬುತ್ತಿರಲಿಲ್ಲ, ಎಲ್ಲರೂ ಕೇಳಿ ನಗುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಕಳವಳ. ಇನ್ನು ನಾನು ನಿಜವಾಗಿಯೂ ದೊಡ್ಡದನ್ನು ಹಿಡಿದರೆ ಅದೂ ಇದೇ ಕಥೆಗಳ ಸಾಲಿಗೆ ಸೇರುತ್ತದಲ್ಲ?

ಹಿಡಿದೆ. ಮಳೆಗಾಲದ ಬಂದ್ ಶುರುವಾಗಲು ಕೆಲವೇ ವಾರ ಇದ್ದ ಬೇಸಿಗೆಯ ಒಂದು ರವಿವಾರ. ಹೊಳೆ ಬತ್ತಿ ಅಲ್ಲಲ್ಲಿ ಮಡುಗಳಷ್ಟೇ ಉಳಿದಿದ್ದವು. ಬಿಸಿಲಿಗೆ ಹೆದರಿ ಬೇರೆ ಯಾರೂ ಬಂದಿರಲಿಲ್ಲ. ಅಕ್ಕ ಆಚೆ ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದಳು. ಹಿಂದಿನ ದಿನವಷ್ಟೇ ಅಂಗಡಿಯಲ್ಲಿ ರಾಶಿಗಟ್ಟಲೆ ಕಾಯಿ ಮುರಿದು ನೋಡಿದ್ದೆ, ಅಂಗೈ ಇನ್ನೂ ಉರಿಯುತ್ತಿತ್ತು. ದಾರ ಒಮ್ಮೆ ನಿಧಾನ ಸರಿಯಿತು, ಆಮೇಲೆ ಕೋಲಿಗೆ ದಾರ ಸುತ್ತಿದ ಗಿರಕಿ ಕಿರುಚುವಂತೆ ಓಡಿತು. ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ರಟ್ಟೆ ಬಿದ್ದುಹೋದಂತಾದ ಮೇಲೆ ಅದು ಸೋತು ಮೊಣಕಾಲುದ್ದದ ನೀರಿಗೆ ಬಂತು. ಕಟ್ಲಾ. ಅಂಥ ತಲೆಯನ್ನು ನಾನು ನೋಡಿರಲಿಲ್ಲ. ಹೊಟ್ಟೆ ಎರಡೂ ಬದಿಗೆ ಉಬ್ಬಿತ್ತು, ಮೊಟ್ಟೆ ತುಂಬಿದ ತಾಯಿ. ಎರಡು ಅಡಿಯ ಮಾತೇ ಬೇಡ, ಅಳೆಯುವ ಅಗತ್ಯವೇ ಇರಲಿಲ್ಲ.

ಖುಷಿಗೆ ಮೈಮರೆತು ಕೈ ಚಾಚಿದೆ.

"ಕೈ ಹಚ್ಚಬ್ಯಾಡ" ಎಂದರು ಮಾವನವರು. "ಕಿವಿರಿಗೆ ಖಾರ ತಾಗಿದ್ರ ಅದು ಉಳಿಯಾಂಗಿಲ್ಲ."

ಹೌದಲ್ಲ. ಕೋಲು ಹಿಡಿದು ಹಾಗೇ ನಿಂತೆ. ಬಿಡಲು ನನ್ನ ಕೈ ನಡೆಯುವಂತಿಲ್ಲ, ಅವರೋ ಕೈ ಹಚ್ಚುವುದಿಲ್ಲ ಎಂದು ಆಣೆ ಮಾಡಿದವರು. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಮಾವನವರು ಧೋತರ ಎತ್ತಿಕಟ್ಟಿ, ಒಂದು ಕೈಯನ್ನು ಮೊಣಕಾಲಿಗೆ ಊರಿ ನೀರಿಗಿಳಿದರು. ಬಗ್ಗಲಾಗದೆ ನೀರಿನಲ್ಲೇ ಕುಳಿತುಬಿಟ್ಟರು. ಕೊಕ್ಕೆಯನ್ನು ಬಿಡಿಸಿ, ಎರಡೂ ಕೈಗಳನ್ನು ಹೊಟ್ಟೆಯ ಕೆಳಗೆ ಕೊಟ್ಟು ಮೀನನ್ನು ನೆಟ್ಟಗೆ ಹಿಡಿದರು.

ನಿಯಮದ ಪರವಾಗಿ ಸ್ಕೂಟರ್ ಮೇಲೆ ಭಾಷಣ ಮಾಡಿದ್ದ ನಾನು ಆಗ ಹೇಳಿದ ಮಾತು ಇದು. "ಮಾವಾರ, ಒಂದ ಸಲ ಎತ್ತಿ ತೂಗ್ರಿ. ನಿಮ್ಮ ಚೀಲದಾಗ ಕಾಟಾ ಐತಲ್ಲ. ಯಾರೂ ನೋಡಂಗಿಲ್ಲ."

ಅವರು ದಂಡೆಯ ಮೇಲಿದ್ದ ಚೀಲವನ್ನು ನೋಡಿದರು. ಆಸೆ ಅವರಿಗೂ ಇತ್ತು, ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ತೂಕ ನೋಡುವವರಂತೆ ಕೈಗಳನ್ನು ಸ್ವಲ್ಪ ಎತ್ತಿ, ಇಳಿಸಿ, ಮತ್ತೆ ಎತ್ತಿದರು, ನೀರಿನಿಂದ ಹೊರಗೆ ಮಾತ್ರ ತರಲಿಲ್ಲ. "ಬಸರಿ ಐತಿ. ಜೋತು ಬಿಟ್ರ ಹೊಟ್ಟಿ ಹರೀತೈತಿ" ಎಂದು ಕೈ ಸಡಿಲಿಸಿದರು. ಮೀನು ಒಂದು ಗಳಿಗೆ ಅಲ್ಲೇ ನಿಂತು, ಬಾಲ ಬೀಸಿ, ಅವರ ಟೋಪಿ ತೋಯಿಸಿ ಮಡುವಿಗೆ ಹೋಯಿತು.

ಅವರನ್ನು ಎಬ್ಬಿಸಿ ದಂಡೆಗೆ ತರುವಷ್ಟರಲ್ಲಿ ಕಂಡಕ್ಟರ್ ಸಾಹೇಬರು ಬೈಕ್ ನಿಲ್ಲಿಸಿ ಬಂದರು. ಇಬ್ಬರೂ ತೊಯ್ದಿದ್ದನ್ನು ನೋಡಿ, "ಏನಾತ್ರಿ ಯಜಮಾನ್ರ?" ಎಂದರು.

"ಒಂದ ಮೀನ ಬಿಟ್ವಿ" ಎಂದರು ಮಾವನವರು.

"ಎಷ್ಟ ಇತ್ತ್ರಿ?"

"ದೊಡ್ಡದಿತ್ತು."

ನಾನು ಕಾದೆ. ಅವರು ಟೋಪಿ ಹಿಂಡತೊಡಗಿದರು. ತಡೆಯಲಾರದೆ ನಾನೇ ಕೇಳಿದೆ. "ನಿಮ್ಮದಕ್ಕಿಂತ ದೊಡ್ಡದಿತ್ತಲ್ಲೇನ್ರಿ ಮಾವಾರ?"

"ಕಾಟಾ ಹಚ್ಚಿಲ್ಲಲ್ಲ" ಎಂದು ಟೋಪಿ ಹಾಕಿಕೊಂಡರು.

"ಬಿಟ್ಟ ಮೀನ ಯಾವಾಗ್ಲೂ ದೊಡ್ಡದ ಇರ್ತೈತ್ರಿ ಅಕ್ಕಾರ" ಎಂದು ಕಂಡಕ್ಟರ್ ಸಾಹೇಬರು ನನ್ನತ್ತ ನೋಡಿ ನಕ್ಕರು. ಎಂಥವರು ಹೇಳುತ್ತಿದ್ದಾರೆ ನೋಡಿ.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನ ತುತ್ತನ್ನು ಮಾವನವರೇ ತಡೆದು ಹಿಡಿದಿದ್ದರು. ತೂಗಬೇಡ ಎಂದು ನಿಯಮ ಹೇಳಿತು, ಸರಿ. ಬಾಯಿಂದ ಹೇಳಬೇಡ ಎಂದು ಯಾವ ಹಲಗೆಯ ಮೇಲೆ ಬರೆದಿತ್ತು? ನೋಡಿದವರು ಅವರೊಬ್ಬರೇ. ಅವರು ಹೇಳಿದರೆ ನನ್ನ ಮೀನು ಇತ್ತು, ಹೇಳದಿದ್ದರೆ ಇಲ್ಲ. ತಮ್ಮ ಹದಿನೆಂಟು ಕಿಲೋ ಉಳಿಸಿಕೊಳ್ಳಲು ಈ ಮನುಷ್ಯ ನನ್ನ ಮೀನನ್ನು ಎರಡನೆಯ ಸಲ ಮುಳುಗಿಸಿದರು ಎಂದುಕೊಂಡೆ.

ಬಂದ್ ಶುರುವಾಯಿತು, ಮಳೆಯೂ ಬಂತು. ಮನೆಯಲ್ಲಿ ನಾನು ಮಾವನವರೊಡನೆ ಬೇಕಾದಷ್ಟೇ ಮಾತಾಡಿದೆ. ಚಹಾ ಕೊಟ್ಟೆ, ಔಷಧಿ ಕೊಟ್ಟೆ, ಹರಟೆ ಕೊಡಲಿಲ್ಲ. "ಯಾಕ, ಇಬ್ಬರ ನಡುವ ಏನ ಆಗೇತಿ?" ಎಂದು ಯಜಮಾನರು ಕೇಳಿದರು. "ಏನಿಲ್ರಿ, ಮೀನ" ಎಂದೆ. ಮಾವನವರು ಯಾವುದನ್ನೂ ಗಮನಿಸದವರಂತೆ ದಿನಾ ಬೆಳಿಗ್ಗೆ ಹೊಳೆಯ ನೀರು ಎಷ್ಟು ಏರಿತು ಎಂದು ಪೇಪರಿನಲ್ಲಿ ಹುಡುಕುತ್ತಿದ್ದರು.

ಗಾಳ ಮತ್ತೆ ತೆರೆದ ರವಿವಾರ ನಾನು ಹೋಗಬಾರದೆಂದೇ ಇದ್ದೆ. ಆದರೆ ಸ್ಕೂಟರ್ ನಡೆಸುವವಳು ನಾನೊಬ್ಬಳೇ. ಮಾವನವರ ಮೊಣಕಾಲನ್ನು ನೆನೆಸಿಕೊಂಡು ಹೊರಟೆ. ಮೇಡ್ಲೇರಿಯ ದಂಡೆ ತುಂಬಿತ್ತು. ರಾಣೆಬೆನ್ನೂರಿನವರು, ಬ್ಯಾಡಗಿಯವರು, ಕಂಡಕ್ಟರ್ ಸಾಹೇಬರ ಜೊತೆ ಹಾವೇರಿಯ ಒಂದು ಗುಂಪು. ಅಕ್ಕ ಪಾಸು ನೋಡಿ ಮುಗಿಸಿ ಬೇವಿನ ಮರಕ್ಕೆ ಒರಗಿ ನಿಂತಿದ್ದಳು. ಹೊಳೆ ಇಳಿದಿತ್ತು, ನೀರು ಮಾತ್ರ ಇನ್ನೂ ಕೆಂಪಗೆ ಹರಿಯುತ್ತಿತ್ತು. ಎಲ್ಲರ ಕೋಲೂ ಸಿದ್ಧ, ಯಾರೂ ಬೀಸಲಿಲ್ಲ. ಎಲ್ಲರೂ ಮಾವನವರನ್ನು ನೋಡುತ್ತಿದ್ದರು.

ಮಾವನವರು ಉಂಡೆ ನಾದಿದರು. ಒಗೆದ ಟೋಪಿ ಸರಿಮಾಡಿಕೊಂಡರು. ಉಂಡೆಯನ್ನು ಅವರು ಸಿಕ್ಕಿಸಿದ್ದು ನನ್ನ ಕೋಲಿನ ಕೊಕ್ಕೆಗೆ. ಮೊದಲು ನನ್ನದನ್ನು ಮಾಡಿ ಮುಗಿಸುತ್ತಿದ್ದಾರೆ ಎಂದುಕೊಂಡೆ. ಆಗ ಅವರು ದಂಡೆಯ ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಎಲ್ಲಾರೂ ಅದೀರೇನ್ರಿ?" ಎಂದು ಕೂಗಿದರು.

ಆ ದನಿಯನ್ನು ನಾನು ಅಂದಿನವರೆಗೆ ಕೇಳಿರಲಿಲ್ಲ. ಮಾರುಕಟ್ಟೆಯ ಗದ್ದಲವನ್ನು ಸೀಳುತ್ತಿದ್ದ ದನಿ ಅದು. ಮನೆಯಲ್ಲಿ ಅದರ ಕಥೆಯಷ್ಟೇ ಕೇಳಿದ್ದೆ.

"ಅದೇವ್ರಿ" ಎಂದರು ಕಂಡಕ್ಟರ್ ಸಾಹೇಬರು.

"ನನ್ನ ಮೀನ ಹದಿನೆಂಟು. ಬ್ಯಾಸಗ್ಯಾಗ ನನ್ನ ಸೊಸಿ ಹಿಡದು ಬಿಟ್ಟ ಮೀನ ಅದಕ್ಕಿಂತ ಹೆಚ್ಚು. ಎಷ್ಟ ಹೆಚ್ಚು ಅಂತ ಕೇಳಬ್ಯಾಡ್ರಿ, ಕಾಟಾ ಹಚ್ಚಿಲ್ಲ."

ಕಂಡಕ್ಟರ್ ಸಾಹೇಬರು ಗಂಟಲು ಸರಿಮಾಡಿಕೊಂಡು, "ಕಾಟಾ ಇಲ್ಲದ ತೂಕ ಹೆಂಗ ಒಪ್ಪೂದ್ರಿ ಯಜಮಾನ್ರ?" ಎಂದರು.

"ಹೆಚ್ಚು ಅಂತ ಹೇಳಿದ್ರ ನುಕ್ಸಾನ ಯಾರಿಗ?" ಎಂದರು ಮಾವನವರು.

ಕಂಡಕ್ಟರ್ ಸಾಹೇಬರು ಯೋಚಿಸಿದರು. "ನಿಮಗ ರೀ" ಎಂದು, ತಮ್ಮ ಕೋಲಿನ ತುದಿಯನ್ನು ನೆಲಕ್ಕಿಳಿಸಿ ಒಂದು ಹೆಜ್ಜೆ ಹಿಂದೆ ಸರಿದರು. ಅವರನ್ನು ನೋಡಿ ಉಳಿದವರೂ ಸರಿದರು. ಬೇವಿನ ಮರದ ಕೆಳಗೆ ಅಕ್ಕ ನಗುತ್ತಿದ್ದಳು.

ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಹಿಂದಿನ ದಿನ ಮೆಣಸಿನಕಾಯಿ ಮುರಿದ ಕೈ. "ಅವತ್ತ ಯಾಕ ಹೇಳಲಿಲ್ರಿ ಮಾವಾರ?" ಎಂದೆ, ಅವರೊಬ್ಬರಿಗೇ ಕೇಳುವಂತೆ.

"ಅವತ್ತ ಎಲ್ಲಾರೂ ಇದ್ರೇನು?" ಎಂದರು.

ತಮ್ಮ ಸ್ಟೂಲನ್ನು ಎತ್ತಿಕೊಂಡು ನನ್ನ ಎಡಕ್ಕೆ, ಎರಡನೆಯ ಜಾಗದಲ್ಲಿ ಇಟ್ಟು ಕುಳಿತರು. ಚೀಲದಿಂದ ತಮ್ಮ ಕೋಲನ್ನು ತೆಗೆದು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು, ಉಳಿದವರಂತೆ ಅವರೂ ನನ್ನನ್ನು ನೋಡಿದರು.

"ಹಾಕು ಲಗೂ. ಮಂದಿ ಕಾಯಾಕತ್ತಾರ."